ಬೇಡು, ಕಾಫಲ್, ಚೋರೆ ಹಕ್ಕಿ ಮತ್ತು ನಮ್ಮಮ್ಮ ಬರೆದ ಕಾಗದಗಳು

‘ಬೇಡು ಪಾಕೋ ಬಾರಾಮಾಸಾ’ ಹಾಡು ಕೇಳಿದ್ದೀರಾ? ಉತ್ತರಾಖಂಡದವರು ಮದುವೆ ಮನೆಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ದೆಹಲಿಯ ಬಾಡಿಗೆ ಮನೆಯಲ್ಲಿ, ಎಲ್ಲಿ ನಾಲ್ಕು ಜನ ಸೇರಿದರೂ ಹಾಡುವ ಹಾಡು. ಹಿಮಾಲಯದ ಹಾಡು ಅಂದ ಮೇಲೆ ಮೊದಲ ಸಾಲಿಗೇ ಹಿಮ ಬರುತ್ತದೆ, ಶಿಖರ ಬರುತ್ತದೆ ಅಂದುಕೊಳ್ಳುತ್ತೇವೆ ಅಲ್ವಾ? ಅದು ಶುರುವಾಗುವುದು ಹಣ್ಣಿನಿಂದ. ಬೇಡು ಅಂದರೆ ನಮ್ಮ ಅತ್ತಿಯ ಜಾತಿಯ ಒಂದು ಕಾಡುಹಣ್ಣು. ಹಾಡಿನ ಪ್ರಕಾರ ಅದು ಹನ್ನೆರಡು ತಿಂಗಳೂ ಹಣ್ಣಾಗುತ್ತದೆ. ಕಾಫಲ್ ಅನ್ನುವ ಇನ್ನೊಂದು ಹಣ್ಣಿದೆ, ಕೆಂಪಗೆ, ಪುಟ್ಟದು, ಅದು ಮಾತ್ರ ಚೈತ್ರದಲ್ಲೇ. ಇಷ್ಟೇ ವಿಷಯ. ಅಲ್ಮೋರಾದ ದೇವತೆ ನಂದಾದೇವಿ ಬರುವುದು ಆಮೇಲೆ.

ಊರಿನ ನೆನಪು ಅಂದರೆ ಹೀಗೇ ಇರಬೇಕು ಅಂತ ನನಗೆ ಬಹಳ ಸಲ ಅನಿಸಿದೆ. ದೊಡ್ಡ ಬೆಟ್ಟ ದೂರದವರಿಗೆ ಕಾಣುವುದು. ಅಲ್ಲೇ ಹುಟ್ಟಿದವರಿಗೆ ಯಾವ ತಿಂಗಳು ಯಾವ ಹಣ್ಣು ಅನ್ನುವುದು ಮುಖ್ಯ.

ಹಾಡು ತೀರಾ ಹಳೆಯದೇನೂ ಅಲ್ಲ. 1952ರ ಹೊತ್ತಿಗೆ ಹುಟ್ಟಿದ್ದು. ಬರೆದವರು ಬೃಜೇಂದ್ರ ಲಾಲ್ ಶಾಹ್, ರಾಗ ಕೂಡಿಸಿ ಊರೂರಿಗೆ ಮುಟ್ಟಿಸಿದವರಲ್ಲಿ ದೊಡ್ಡ ಹೆಸರು ಅಲ್ಮೋರಾದ ಮೋಹನ್ ಉಪ್ರೇತಿ. ಉಪ್ರೇತಿಯವರು ಮುಂದೆ ದೆಹಲಿಗೆ ಹೋಗಿ ನೆಲೆಸಿದರು, 1968ರಲ್ಲಿ ಅಲ್ಲಿ ಪರ್ವತೀಯ ಕಲಾ ಕೇಂದ್ರ ಕಟ್ಟಿದರು. ಬೆಟ್ಟ ಇಳಿದು ಹೋದವರು ಬೆಟ್ಟದ ಹಾಡನ್ನು ಬಯಲಲ್ಲಿ ಉಳಿಸಿಕೊಂಡ ಕಥೆ ಅದು. ಆದರೆ ಕೊಡಗಿನ ಸೋಮವಾರಪೇಟೆ ಕಡೆಯ ನಮ್ಮ ಮನೆಗೆ ಈ ಹಾಡು ಬಂದ ದಾರಿ ಬೇರೆ. ಅದು ಬಂದದ್ದು ಮಿಲಿಟರಿ ಟ್ರಂಕಿನಲ್ಲಿ.

ಕುಮಾಂವ್ ಅಂದರೆ ಉತ್ತರಾಖಂಡದಲ್ಲಿ ಅಲ್ಮೋರಾ ಇರುವ ಭಾಗ. ಅದರ ಹೆಸರಿನ ಕುಮಾಂವ್ ರೆಜಿಮೆಂಟಿನ ಬ್ಯಾಂಡ್ ಇದೇ ರಾಗವನ್ನು ನುಡಿಸುತ್ತದೆ. ರಾಣಿಖೇತ್ ಆ ರೆಜಿಮೆಂಟಿನ ಮನೆ. ನಮ್ಮ ಜನರಲ್ ತಿಮ್ಮಯ್ಯನವರು 1926ರಲ್ಲಿ ಸ್ಯಾಂಡ್‌ಹರ್ಸ್ಟ್‌ನಿಂದ ಅಧಿಕಾರಿಯಾಗಿ ಹೊರಬಂದ ಮೇಲೆ ಸೇರಿದ್ದು 19ನೇ ಹೈದರಾಬಾದ್ ರೆಜಿಮೆಂಟಿಗೆ. 1945ರಲ್ಲಿ ಅದಕ್ಕೇ ಕುಮಾಂವ್ ರೆಜಿಮೆಂಟ್ ಅಂತ ಹೆಸರು ಬದಲಾಯಿತು. ಅಂದರೆ ಮಡಿಕೇರಿಯ ಸನ್ನಿಸೈಡ್ ಮನೆಯ ಹುಡುಗ ಕುಮಾಂವ್‌ನವರ ಜೊತೆ ಬರ್ಮಾದಲ್ಲಿ ಯುದ್ಧ ಮಾಡಿದವರು. ಆ ಮನೆ ಈಗ ಮ್ಯೂಸಿಯಂ. ಹೋದರೆ ನಿಧಾನವಾಗಿ ನೋಡಿ.

ನಮ್ಮಪ್ಪ ಅಂಥ ದೊಡ್ಡ ಹುದ್ದೆಯವರಲ್ಲ. ಸೈನ್ಯದ ಗಾಡಿ, ಯಂತ್ರ ರಿಪೇರಿ ಮಾಡುವ ವಿಭಾಗ ಇ.ಎಂ.ಇ.ಯಲ್ಲಿ ಗಾಡಿ ಮೆಕ್ಯಾನಿಕ್. ಪೋಸ್ಟಿಂಗ್ ಮೇಲೆ ಕೆಲವು ವರ್ಷ ಒಂದು ಕುಮಾಂವ್ ಪಲ್ಟನ್ನಿನ ಜೊತೆ ಇದ್ದರು. ರಿಟೈರ್ ಆಗಿ ಬಂದಾಗ ಟ್ರಂಕಿನಲ್ಲಿ ಕಂಬಳಿ, ಸ್ಪ್ಯಾನರ್ ಸೆಟ್ಟು, ಒಂದಷ್ಟು ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ ಹಿಂದಿಯಲ್ಲಿ ಪೆನ್ನಿನಿಂದ ಬರೆದದ್ದು, ಯಾರೋ ಜವಾನ ರೆಕಾರ್ಡ್ ಮಾಡಿಕೊಟ್ಟದ್ದು. ಕಾಫಿ ಕಣದ ಪಕ್ಕದ ಜಗಲಿಯಲ್ಲಿ ಕೂತು, ಬೀಜ ಹರಡುತ್ತಾ, ಅಪ್ಪ ಅವನ್ನು ಹಾಕುತ್ತಿದ್ದರು. ನಮಗೆ ಒಂದಕ್ಷರ ಅರ್ಥ ಆಗುತ್ತಿರಲಿಲ್ಲ. ಅಮ್ಮನಿಗಂತೂ ಹಿಂದಿಯೇ ಬರುವುದಿಲ್ಲ, ಇನ್ನು ಕುಮಾವುನಿ ಎಲ್ಲಿಂದ.

ಅದರಲ್ಲಿ ಒಂದು ಹಾಡು ಬಹಳ ಎಳೆದೆಳೆದು ಬರುತ್ತಿತ್ತು. ಗೋಪಾಲ್ ಬಾಬು ಗೋಸ್ವಾಮಿ ಅನ್ನುವವರು ಹಾಡಿದ್ದು. ಅಲ್ಮೋರಾ ಜಿಲ್ಲೆಯ ಚೌಖುಟಿಯಾ ಕಡೆಯವರು, 1996ರಲ್ಲಿ ತೀರಿಕೊಂಡರು. ಗಂಡಸಿನ ಗಂಟಲು, ಆದರೆ ಹಾಡಿನ ಮಾತು ಪೂರ್ತಿ ಹೆಂಗಸಿನದು. ಮಾವಿನ ಕೊಂಬೆಯ ಮೇಲೆ ಘುಘುತಿ ಕೂತು ಕೂಗುತ್ತಿದೆ. ಘುಘುತಿ ಅಂದರೆ ನಮ್ಮ ತೋಟದಲ್ಲೂ ಇರುವ ಚೋರೆ ಹಕ್ಕಿ, ಕುತ್ತಿಗೆಯ ಮೇಲೆ ಚುಕ್ಕೆ ಚುಕ್ಕೆ ಇರುವ ಬೆಳವ. ಆ ಹೆಂಗಸು ಹಕ್ಕಿಗೆ ಹೇಳುತ್ತಾಳೆ, ಇಲ್ಲಿ ಕೂತು ಕೂಗಬೇಡ, ನಿನ್ನ ದನಿ ಕೇಳಿದರೆ ನನಗೆ ಬೇಜಾರಾಗುತ್ತದೆ, ನನ್ನ ಗಂಡ ಹಿಮದ ಲಡಾಖಿನಲ್ಲಿದ್ದಾನೆ ಅಂತ.

ಇದನ್ನು ಅಪ್ಪ ಒಂದು ದಿನ ಕನ್ನಡದಲ್ಲಿ ಹೇಳಿದರು. ಅಮ್ಮ ಗೆರಸೆ ಹಿಡಿದು ಕೂತಿದ್ದರು, ಕೈ ನಿಲ್ಲಿಸಲಿಲ್ಲ. ಕೇರುತ್ತಲೇ ಹೇಳಿದರು:

“ನೋಡ್ರೀ, ಅಲ್ಲಿಯವರು ಅವಳ ಮೇಲೆ ಒಂದು ಹಾಡಾದ್ರೂ ಕಟ್ಟಿದಾರೆ.”

ಅಪ್ಪ ಏನೂ ಹೇಳಲಿಲ್ಲ. ಆ ಮಾತು ನನ್ನನ್ನು ಬಿಟ್ಟಿಲ್ಲ. ಈ ಬರಹ ಬರೆಯುತ್ತಿರುವುದೂ ಅದೇ ಕಾರಣಕ್ಕೆ.

ಆಮೇಲೆ ಆ ಬೆಟ್ಟಗಳ ಹಾಡುಗಳನ್ನು ಹುಡುಕಿ ಹುಡುಕಿ ಕೇಳಿದೆ. ಈಗ ಫೋನಿನಲ್ಲೇ ಎಲ್ಲ ಸಿಗುತ್ತದೆ. ಕೇಳುತ್ತಾ ಹೋದಂತೆ ಒಂದು ವಿಷಯ ಗಟ್ಟಿಯಾಯಿತು. ಊರಿನ ನೆನಪಿನ ಹಾಡು ಅಂದರೆ ಊರು ಬಿಟ್ಟು ಹೋದವನು ಹಾಡುವುದು ಅಂತ ನಾವು ಸುಮ್ನೆ ನಂಬಿಕೊಂಡಿದ್ದೇವೆ. ಕುಮಾಂವ್, ಅದರ ಪಕ್ಕದ ಗಢವಾಲ್‌ನ ಒಳ್ಳೊಳ್ಳೆಯ ಹಾಡುಗಳಲ್ಲಿ ಮಾತಾಡುವವರು ಊರಲ್ಲೇ ಉಳಿದವರು. ಕಾಯುವವರು. ಹೆಚ್ಚಿನ ಸಲ ಹೆಂಗಸರು.

ಅದಕ್ಕೆ ಕಾರಣ ಅಲ್ಲಿಯ ನೆಲದಲ್ಲೇ ಇದೆ. ಬೆಟ್ಟದ ಮೈಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಸಣ್ಣ ಸಣ್ಣ ಗದ್ದೆಗಳು, ಹೆಚ್ಚಿನವು ಮಳೆ ನಂಬಿಕೊಂಡವು. ವರ್ಷಪೂರ್ತಿ ಊಟಕ್ಕೆ ಸಾಲದು. ಗಂಡಸರು ಪಲ್ಟನ್ ಸೇರಿದರು, ಕುಮಾಂವ್ ರೆಜಿಮೆಂಟ್, ಗಢವಾಲ್ ರೈಫಲ್ಸ್. ಉಳಿದವರು ದೆಹಲಿ, ಲಖನೌ ಕಡೆ ಹೋಟೆಲು, ಆಫೀಸು, ಮನೆಗೆಲಸ. ತಿಂಗಳಿಗೊಮ್ಮೆ ಮನಿಯಾರ್ಡರ್. ಊರಿನಲ್ಲಿ ಹುಲ್ಲು ಹೊರುವುದು, ನೀರು ಹೊರುವುದು, ಸೌದೆ ತರುವುದು, ಗದ್ದೆ ಕೆಲಸ ಎಲ್ಲ ಹೆಂಗಸರ ತಲೆ ಮೇಲೆ. ಕಾಡಿನಲ್ಲಿ ಹುಲ್ಲು ಕೊಯ್ಯುವಾಗ ಒಬ್ಬಳು ಈ ಗುಡ್ಡದಿಂದ ಹಾಡಿದರೆ ಇನ್ನೊಬ್ಬಳು ಆ ಗುಡ್ಡದಿಂದ. ಗಢವಾಲಿಯಲ್ಲಿ ಇಂಥ ನೆನಪಿನ ಹಾಡುಗಳಿಗೆ ಖುದೇಡ್ ಗೀತ್ ಅಂತಲೇ ಒಂದು ಬಗೆ ಇದೆ.

ಅದರಲ್ಲಿ ಗಂಡನ ನೆನಪು ಅರ್ಧ, ತವರಿನ ನೆನಪು ಅರ್ಧ. ಚೈತ್ರ ಬಂದರೆ ಅಣ್ಣ ತಮ್ಮಂದಿರು ಮದುವೆಯಾದ ಅಕ್ಕ ತಂಗಿಯರ ಮನೆಗೆ ಉಡುಗೊರೆ ಹಿಡಿದು ಹೋಗಬೇಕು, ಕುಮಾಂವ್‌ನಲ್ಲಿ ಅದಕ್ಕೆ ಭಿಟೌಲಿ ಅನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಪಂಚಮಿಗೆ ಅಣ್ಣ ಕರೆಯಲು ಬರುತ್ತಾನೆ ಅಂತ ದಾರಿ ನೋಡುವ ಹಾಡುಗಳಿಲ್ಲವೇ, ಹಾಗೇ.

ಗಢವಾಲ್‌ನ ಪೌಡಿ ಕಡೆಯ ಹಾಡುಗಾರ ನರೇಂದ್ರ ಸಿಂಗ್ ನೇಗಿ ಅವರ ಒಂದು ಹಾಡನ್ನು ಇಲ್ಲಿ ಹೇಳಲೇಬೇಕು. ನೇಗಿ 1949ರಲ್ಲಿ ಹುಟ್ಟಿದವರು, ಗಢವಾಲಿ ಹಾಡು ಅಂದರೆ ಅವರೇ ಅನ್ನುವಷ್ಟು ಜನ ಅವರನ್ನು ಹಚ್ಚಿಕೊಂಡಿದ್ದಾರೆ. ಈ ಹಾಡಿನಲ್ಲೂ ಅದೇ ಘುಘುತಿ ಕೂಗುತ್ತದೆ, ಚೈತ್ರ ಮತ್ತೆ ಬಂದಿದೆ, ಮದುವೆಯಾಗಿ ಬಂದ ಹೆಣ್ಣು ತವರು ನೆನೆಯುತ್ತಿದ್ದಾಳೆ. ಆದರೆ ಅವಳು ಏನನ್ನೂ ಕಣ್ಣಾರೆ ನೋಡುತ್ತಿಲ್ಲ. ಎಲ್ಲ ಅಂದಾಜು. ಈಗ ಅಲ್ಲಿ ಗುಡ್ಡದ ಹಿಮ ಕರಗಿರಬೇಕು. ತವರಿನ ಕಾಡು ಚಿಗುರಿರಬೇಕು. ಹಕ್ಕಿಗಳು ಗೂಡು ಬಿಟ್ಟು ಹಾರುತ್ತಿರಬೇಕು. ಬೇರೆ ಹೆಣ್ಣುಮಕ್ಕಳು ತವರಿಗೆ ಹೊರಟಿರಬೇಕು. ಇರುವ ಜಾಗ ಬಿಟ್ಟು ಕದಲಲಾಗದವಳು ತಿಂಗಳ ಲೆಕ್ಕದ ಮೇಲೆ ಒಂದಿಡೀ ಊರನ್ನು ಮನಸ್ಸಿನಲ್ಲೇ ನಡೆಸುತ್ತಾಳೆ.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ಅಪ್ಪನ ಇನ್‌ಲ್ಯಾಂಡ್ ಲೆಟರುಗಳು. ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಅಮ್ಮ ಕಟ್ಟಿಟ್ಟಿದ್ದಾರೆ. ಮೂಲೆಯಲ್ಲಿ 56 ಎ.ಪಿ.ಒ. ಅಂತ ಸೈನ್ಯದ ಅಂಚೆಯ ವಿಳಾಸ, ಊರಿನ ಹೆಸರೇ ಇಲ್ಲ. ನೀಲಿ ಕಾಗದ ಮಡಿಕೆಯಲ್ಲೆಲ್ಲ ಸವೆದು ಹರಿದಿದೆ. ಒಳಗೆ ಬರೆದದ್ದೆಲ್ಲ ಇದೇ. ‘ಹೂ ಮಳೆ ಬಂದಿರಬೇಕು. ಕಾಫಿ ಹೂ ಬಿಟ್ಟಿರಬೇಕು. ಕೆಳಗಿನ ಗದ್ದೆಗೆ ಅಗೆ ಹಾಕಿರಬೇಕು. ಕರಿಮೆಣಸಿನ ಬಳ್ಳಿ ಕಟ್ಟಲು ಆಳು ಸಿಕ್ಕಿರಬೇಕು.’ ಮಾರ್ಚಿನಲ್ಲಿ ಮೊದಲ ಮಳೆ ಬಿದ್ದು ಹತ್ತು ದಿನಕ್ಕೆ ತೋಟ ಬೆಳ್ಳಗಾಗುವುದನ್ನು ಅವರು ಅಷ್ಟು ವರ್ಷ ಕಾಗದದಲ್ಲೇ ನೋಡಿದರು.

ಅಮ್ಮನೂ ಬರೆಯುತ್ತಿದ್ದರು. ವಾರಕ್ಕೊಂದು ಅಂತಲೇ ಹೇಳುತ್ತಾರೆ. ಮಳೆ ಬಂತೋ ಇಲ್ಲವೋ, ಹಸು ಕರು ಹಾಕಿತೋ ಇಲ್ಲವೋ, ನನಗೆ ಜ್ವರ ಬಂದಾಗ ಯಾರು ಜೀಪು ಕೊಟ್ಟರು, ಅಜ್ಜಿ ಏನು ಅಂದರು, ಎಲ್ಲ ಬರೆಯುತ್ತಿದ್ದರಂತೆ. ಆ ಕಾಗದಗಳಲ್ಲಿ ಒಂದೂ ಇಲ್ಲ. ಪೋಸ್ಟಿಂಗಿನಿಂದ ಪೋಸ್ಟಿಂಗಿಗೆ ಹೋಗುವವರು ಏನನ್ನು ಇಟ್ಟುಕೊಳ್ಳಲಾಗುತ್ತದೆ? ಅಪ್ಪನದು ಏನೂ ತಪ್ಪಿಲ್ಲ. ಆದರೆ ನಮ್ಮ ಮನೆಯಲ್ಲಿ ಆ ವರ್ಷಗಳ ಕಥೆ ಅಂತ ಉಳಿದಿರುವುದು ದೂರದಲ್ಲಿದ್ದವರು ಬರೆದದ್ದು ಮಾತ್ರ. ಕರಿಮೆಣಸಿನ ಬಳ್ಳಿ ಕಟ್ಟಿಸಿದವರು ಬರೆದದ್ದು ಹೋಯಿತು.

ಕೊಡಗಿನ ಮಟ್ಟಿಗೂ ಹೀಗೇ ಆಗಿದೆ ಅಂತ ನನಗನಿಸುತ್ತದೆ. ಶಾಲೆಯಲ್ಲಿ ನಾವೆಲ್ಲ ಪಂಜೆ ಮಂಗೇಶರಾಯರ ‘ಹುತ್ತರಿ ಹಾಡು’ ಕಲಿತವರು. ಪಂಜೆಯವರು ಬಂಟ್ವಾಳದವರು, ಮಡಿಕೇರಿಯ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರ್ ಆಗಿದ್ದವರು. ಘಟ್ಟ ಹತ್ತಿ ಬಂದವರು ನಮ್ಮ ನಾಡನ್ನು ಕಂಡು ಮೈದುಂಬಿ ಬರೆದ ಹಾಡು ಅದು, ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಬೆಟ್ಟ, ಕಾವೇರಿ, ವೀರರು, ಎಲ್ಲ ಇದೆ. ಅದನ್ನು ನಾನು ಪ್ರೀತಿಸುತ್ತೇನೆ. ಹುತ್ತರಿಗೆ ದುಡಿ ಹಿಡಿದು ನಾಲ್ವರು ಕೂತು ಹಾಡುವ ಬಾಳೋ ಪಾಟ್ ಕೂಡ ಅಷ್ಟೇ, ಮನೆತನವನ್ನು ಹರಸಿ ಹಾಡುವುದು, ಕೊಡವ ಗೆಳತಿಯ ಮನೆಯಲ್ಲಿ ಕೇಳುತ್ತಾ ಬೆಳೆದಿದ್ದೇನೆ. ಸೈನಿಕರಿಗೆ ಮಡಿಕೇರಿಯಲ್ಲಿ ಸರ್ಕಲ್ಲಿದೆ, ಪ್ರತಿಮೆ ಇದೆ. ಇರಲೇಬೇಕು. ಆದರೆ ನಾನು ಕೇಳಿ ಬೆಳೆದ ಹಾಡುಗಳಲ್ಲಿ, ಗಂಡ ಗಡಿಯಲ್ಲಿದ್ದಾಗ ಮಳೆಗಾಲದ ರಾತ್ರಿ ಕರೆಂಟಿಲ್ಲದ ಮನೆಯಲ್ಲಿ ಮಕ್ಕಳನ್ನು ಮಲಗಿಸಿ ಎದ್ದು ಕೂತವಳು ಇಲ್ಲ. ಕನ್ನಡ ಸಿನಿಮಾದವರು ಎಷ್ಟೋ ಹಾಡುಗಳಿಗೆ ಕೊಡಗಿನ ಮಂಜು, ಮಳೆ, ಜಲಪಾತ ತೆಗೆದುಕೊಂಡರು. ಅದರಲ್ಲಿ ಪ್ರೇಮಿಗಳಿದ್ದಾರೆ, ಊರಿನವರಿಲ್ಲ. ಹೆಣ್ಣಿನ ಒಳಗಿನ ಮಾತು ಕೊಡಗಿನ ಕನ್ನಡದಲ್ಲಿ ಬಂದದ್ದು ಕಥೆಗಳಲ್ಲಿ, ಕೊಡಗಿನ ಗೌರಮ್ಮನವರ ಕಥೆಗಳಲ್ಲಿ. ಆಕೆಯೂ 1939ರಲ್ಲಿ, ಮೂವತ್ತು ತುಂಬುವ ಮೊದಲೇ ನೀರುಪಾಲಾದರು.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಕುಶಾಲನಗರದಿಂದ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗನೊಬ್ಬ ಫೋನಿನಲ್ಲಿ ಹಾಡು ಕೇಳುತ್ತಿದ್ದ. ಇಯರ್‌ಫೋನಿನಿಂದ ಸಣ್ಣಗೆ ಹೊರಗೆ ಬರುತ್ತಿದ್ದದ್ದು ನೇಗಿ ಅವರ ದನಿ. ತಡೆಯಲಾಗದೆ ಕೇಳಿಯೇ ಬಿಟ್ಟೆ, ಗಢವಾಲ್ ಕಡೆಯವನಾ ಅಂತ. ಅವನ ಮುಖ ನೋಡಬೇಕಿತ್ತು! ಮಡಿಕೇರಿ ಹತ್ತಿರದ ರೆಸಾರ್ಟ್ ಒಂದರ ಅಡುಗೆ ಮನೆಯಲ್ಲಿ ಕೆಲಸವಂತೆ. ಪೌಡಿ ಜಿಲ್ಲೆಯ ಒಂದು ಹಳ್ಳಿ. ಊರಲ್ಲಿ ಅಮ್ಮ ಒಬ್ಬರೇ. ಸುತ್ತ ಎಲ್ಲ ಬೀಗ ಹಾಕಿದ ಮನೆಗಳು, ಕೆಲವಕ್ಕೆ ಚಾವಣಿಯೇ ಇಲ್ಲ. ಹಂದಿ, ಮಂಗಗಳ ಕಾಟಕ್ಕೆ ಗದ್ದೆ ಬಿಟ್ಟಾಯಿತು ಅಂದ.

ನನ್ನ ಹರುಕುಮುರುಕು ಹಿಂದಿಯಲ್ಲಿ, ಇಲ್ಲಿ ಏನು ಕಂಡರೆ ಊರು ನೆನಪಾಗುತ್ತದೆ ಅಂತ ಕೇಳಿದೆ. ಬೆಟ್ಟ ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು ಹಕ್ಕಿ ಅಂದ. ರೆಸಾರ್ಟಿನ ಹಿಂದಿನ ಮರದಲ್ಲಿ ಬೆಳಿಗ್ಗೆ ನಾಲ್ಕು ಸ್ವರದಲ್ಲಿ ಕೂಗುವ ಒಂದು ಹಕ್ಕಿ, ಕೋಗಿಲೆಯ ಜಾತಿಯದು. ನಮ್ಮ ತೋಟಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ಬಹಳ ಕೇಳುತ್ತೇವೆ, ಕಣ್ಣಿಗೆ ಬೀಳುವುದೇ ಇಲ್ಲ. ಅವರ ಊರಲ್ಲಿ ಅದು ‘ಕಾಫಲ್ ಪಾಕೋ’ ಅನ್ನುತ್ತದಂತೆ, ಕಾಫಲ್ ಹಣ್ಣಾಯಿತು ಅಂತ. ಅದಕ್ಕೊಂದು ಕಥೆಯೂ ಇದೆ. ತಾಯಿ ಕಾಡಿನಿಂದ ಬುಟ್ಟಿ ತುಂಬ ಕಾಫಲ್ ತಂದು, ಮಗಳೇ ನೋಡಿಕೋ, ತಿನ್ನಬೇಡ ಅಂತ ಕೆಲಸಕ್ಕೆ ಹೋಗುತ್ತಾಳೆ. ಬಿಸಿಲಿಗೆ ಹಣ್ಣು ಬಾಡಿ ಬುಟ್ಟಿ ಅರ್ಧವಾಗುತ್ತದೆ. ಮಗಳು ತಿಂದಳು ಅಂದುಕೊಂಡು ತಾಯಿ ಹೊಡೆದುಬಿಡುತ್ತಾಳೆ, ಹುಡುಗಿ ಸತ್ತೇ ಹೋಗುತ್ತಾಳೆ. ಸಂಜೆ ತಂಪಿಗೆ ಹಣ್ಣು ಉಬ್ಬಿ ಬುಟ್ಟಿ ಮತ್ತೆ ತುಂಬುತ್ತದೆ. ಆ ಸಂಕಟದಲ್ಲಿ ತಾಯಿಯೂ ಸಾಯುತ್ತಾಳೆ. ಇಬ್ಬರೂ ಹಕ್ಕಿಗಳಾಗಿ, ಮಗಳು ‘ಕಾಫಲ್ ಹಣ್ಣಾಯಿತು, ನಾನು ರುಚಿ ನೋಡಲಿಲ್ಲ’ ಅಂತ ಕೂಗುತ್ತಾಳೆ, ತಾಯಿ ‘ಸರಿಯಾಗಿದೆ ಮಗಳೇ, ತುಂಬಿದೆ’ ಅಂತ ಕೂಗುತ್ತಾಳೆ.

ಹುಡುಗ ಸುಂಟಿಕೊಪ್ಪ ದಾಟುವುದರೊಳಗೆ ಇಷ್ಟನ್ನೂ ಹೇಳಿ ಮುಗಿಸಿದ. ಈ ಕಥೆ ನನಗೆ ಬಹಳ ದಿನ ನಿದ್ದೆ ಕೆಡಿಸಿತು. ಊರಲ್ಲಿ ಒಬ್ಬರೇ ಇರುವ ತಾಯಿಯ ಮಗ ಇಲ್ಲಿ ಬಂದು ಅದೇ ಹಕ್ಕಿ ಕೇಳುತ್ತಾ ಪರೋಟ ಲಟ್ಟಿಸುತ್ತಾನೆ.

ಅಲ್ಲಿ ಊರು ಖಾಲಿಯಾಗುತ್ತಿರುವುದು ಕಥೆಯಲ್ಲ, ಲೆಕ್ಕ ಸಿಗುತ್ತದೆ. 2000ದಲ್ಲಿ ಉತ್ತರಾಖಂಡ ಬೇರೆ ರಾಜ್ಯವಾಯಿತು, ಬೆಟ್ಟದವರ ಕಷ್ಟ ಬೆಟ್ಟದವರೇ ನೋಡಿಕೊಳ್ಳಬಹುದು ಅನ್ನುವ ಆಸೆಯಿಂದ. 2011ರ ಜನಗಣತಿ ಬಂದಾಗ ಅಲ್ಮೋರಾ ಮತ್ತು ಪೌಡಿ ಜಿಲ್ಲೆಗಳ ಜನಸಂಖ್ಯೆ ಹತ್ತು ವರ್ಷದ ಹಿಂದಿನದಕ್ಕಿಂತ ಕಡಿಮೆ ಆಗಿತ್ತು. ವಲಸೆ ಬಗ್ಗೆ ನೋಡಲು ಸರ್ಕಾರವೇ ಒಂದು ಆಯೋಗ ಮಾಡಿತು. 2018ರ ಅದರ ವರದಿಯ ಪ್ರಕಾರ 2011ರಿಂದೀಚೆಗೆ 734 ಹಳ್ಳಿಗಳು ಪೂರ್ತಿ ಖಾಲಿ. ಚೈತ್ರದ ಮೊದಲ ದಿನ ಫೂಲ್ ದೇಯಿ ಅಂತ ಅಲ್ಲಿ ಹಬ್ಬ, ಮಕ್ಕಳು ಬೆಳಿಗ್ಗೆದ್ದು ಕಾಡುಹೂ ಕಿತ್ತು ತಂದು ಮನೆಮನೆಯ ಹೊಸ್ತಿಲ ಮೇಲೆ ಇಡುತ್ತಾರೆ. ಹಬ್ಬ ಮಾಡಲು ಬೇಕಾದದ್ದು ಹೂ, ಹೊಸ್ತಿಲು, ಮಕ್ಕಳು. ಆ ಹಳ್ಳಿಗಳಲ್ಲಿ ಮೊದಲಿನೆರಡು ಇವೆ.

ನೇಗಿ ಇದನ್ನೂ ಹಾಡಿದರು. ಇಳಿಜಾರು ದಾರಿ ಸುಲಭ ಅಂತ ಓಡಬೇಡ ಅಂತ ಒಂದು ಹಾಡಿದೆ. ಭಾಗೀರಥಿಗೆ ಅಡ್ಡಲಾಗಿ 260 ಮೀಟರ್ ಎತ್ತರದ ಟೆಹ್ರಿ ಅಣೆಕಟ್ಟು ಎದ್ದು, ಹಳೆಯ ಟೆಹ್ರಿ ಪಟ್ಟಣ ಮುಳುಗಿದ ಬಗ್ಗೆಯೂ ಇದೆ. ಅದರಲ್ಲೂ ಮಾತಾಡುವುದು ಊರಲ್ಲಿ ಉಳಿದ ಹಿರಿಯರೇ, ದೂರದಲ್ಲಿರುವ ಮಗನಿಗೆ, ಊರು ಮುಳುಗುತ್ತಿದೆ ಅಂತ ಸುದ್ದಿ ಹೇಳುತ್ತಾರೆ. ಈ ಹಾಡು ಕೇಳುವಾಗ ನನಗೆ 2018ರ ಆಗಸ್ಟ್ ಬಿಟ್ಟು ಬೇರೇನೂ ನೆನಪಾಗುವುದಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ. ಗುಡ್ಡ ಜಾರಿ ತೋಟ ಹೋಯಿತು, ಮನೆ ಹೋಯಿತು. ಜಂಬೂರು, ಕರ್ಣಂಗೇರಿಯಲ್ಲಿ ಸಾಲು ಮನೆ ಕಟ್ಟಿಕೊಟ್ಟರು. ಮನೆ ಸಿಕ್ಕಿದ್ದು ದೊಡ್ಡ ವಿಷಯ. ಆದರೆ ಆ ಹಳೆಯ ಅಂಗಳಗಳ ಬಗ್ಗೆ ಯಾರು ಹಾಡಿದರು? ನಮ್ಮ ಹತ್ತಿರ ಇರುವುದು ವಿಡಿಯೋ. ಗುಡ್ಡ ಜಾರುವ ವಿಡಿಯೋ, ಮನೆ ಉರುಳುವ ವಿಡಿಯೋ, ಅದನ್ನೇ ಮತ್ತೆ ಮತ್ತೆ ಕಳಿಸಿಕೊಂಡೆವು.

ಕೊಡಗಿನ ಜನಸಂಖ್ಯೆಯೂ 2001ರಿಂದ 2011ಕ್ಕೆ ಶೇಕಡಾ 1ರ ಆಸುಪಾಸು ಮಾತ್ರ ಏರಿತು, ಚಿಕ್ಕಮಗಳೂರಲ್ಲಿ ಇಳಿದೇ ಹೋಯಿತು. ಮಕ್ಕಳು ಬೆಂಗಳೂರು, ಮೈಸೂರು, ಹೊರದೇಶ. ಮನೆಯಲ್ಲಿ ವಯಸ್ಸಾದವರು ಇಬ್ಬರು, ಇಲ್ಲವೇ ಒಬ್ಬರು, ಒಂದು ನಾಯಿ. ವಾಟ್ಸಾಪ್ ವಿಡಿಯೋ ಕಾಲಿನಲ್ಲಿ ಅಪ್ಪ ಅಮ್ಮ ಕಾಫಿ ಹೂ ತೋರಿಸುತ್ತಾರೆ. ಕಾಯುವುದು ಈಗ ಬರೀ ಹೆಂಗಸರ ಪಾಲಿಗೆ ಉಳಿದಿಲ್ಲ. ಎಷ್ಟೋ ಮನೆಯಲ್ಲಿ ಗಂಡಸರೂ ಗೇಟಿನ ಕಡೆ ನೋಡುತ್ತಾ ಕೂರುತ್ತಾರೆ. ನಮ್ಮಪ್ಪನೂ ಕೊನೆಯ ವರ್ಷಗಳಲ್ಲಿ ಹಾಗೇ ಕೂತರು, ನಾನೇ ದೂರದಲ್ಲಿದ್ದೆ.

ಉತ್ತರಾಖಂಡದಲ್ಲಿ ಹೊಸ ಹುಡುಗ ಹುಡುಗಿಯರು ಈಗಲೂ ಹಾಡು ಕಟ್ಟುತ್ತಿದ್ದಾರೆ. ‘ಗುಲಾಬಿ ಶರಾರಾ’ ಅನ್ನುವ ಕುಮಾವುನಿ ಹಾಡು ರೀಲ್ಸಿನಲ್ಲಿ ದೇಶವೆಲ್ಲ ಸುತ್ತಿತು, ನಮ್ಮೂರಿನ ಕಾಲೇಜು ಹುಡುಗಿಯರೂ ಕುಣಿದರು. ಅದು ಖುಷಿಯ ಹಾಡು, ಖುಷಿಯೂ ಬೇಕು. ನನಗೆ ಜಾಸ್ತಿ ಹಿಡಿಸುವುದು ಮಾತ್ರ ಹಳೆಯವೇ.

ಅಮ್ಮನ ಆ ಮಾತನ್ನು ಈಚೆಗೆ ನಮ್ಮ ಪಕ್ಕದ ತೋಟದ ಅಜ್ಜಿಯೊಬ್ಬರಿಗೆ ಹೇಳಿದೆ. ಎಂಬತ್ತು ದಾಟಿದವರು, ಅವರ ಯಜಮಾನರೂ ಮಿಲಿಟರಿಯಲ್ಲಿದ್ದವರೇ. ಕೇಳಿ ನಕ್ಕುಬಿಟ್ಟರು. “ಹಾಡಿರಲಿಲ್ಲ ಅಂತ ಯಾರು ಹೇಳಿದ್ದು ಮಗಾ ನಿನಗೆ? ನಾಟಿ ಗದ್ದೇಲಿ ನಾವು ಹಾಡ್ತಿದ್ವಲ್ಲ. ನಾಟಿ ನಿಂತ್ಹೋಯ್ತು, ಹಾಡೂ ನಿಂತ್ಹೋಯ್ತು.” ಅಂದರೆ ಇತ್ತು! ಅಮ್ಮ ಪೇಟೆ ಕಡೆಯಿಂದ ಮದುವೆಯಾಗಿ ಬಂದವರು, ನಾಟಿ ಸಾಲಿನಲ್ಲಿ ನಿಂತವರಲ್ಲ, ಅವರ ಕಿವಿಗೆ ಬಿದ್ದಿರಲಿಕ್ಕಿಲ್ಲ. ಗದ್ದೆಗಳಲ್ಲಿ ಅರ್ಧಕ್ಕರ್ಧ ಈಗ ಪಾಳು, ಇಲ್ಲವೇ ಶುಂಠಿ, ಇಲ್ಲವೇ ಸೈಟು. ಸಾಲಾಗಿ ನಿಂತು ಬಗ್ಗಿ ನಾಟಿ ಮಾಡುತ್ತಾ ಒಬ್ಬರು ಎತ್ತಿದ್ದನ್ನು ಉಳಿದವರು ಹಿಡಿಯುವ ಆ ಹಾಡಿಗೆ ನಿಲ್ಲಲು ಜಾಗವೇ ಇಲ್ಲ.

ಪಲ್ಟನ್ನಿಗೆ ಹೋದವನ ಮೇಲಿನ ಹಾಡು ನೆನಪಿದೆಯಾ ಅಂತ ಕೇಳಿದೆ. ಅಜ್ಜಿ ಎರಡು ಸಾಲು ಹೇಳಿದರು, ಮೂರನೆಯದಕ್ಕೆ ತಡವರಿಸಿದರು, ಮತ್ತೆ ಮೊದಲಿಂದ ಶುರು ಮಾಡಿದರು, ಅಲ್ಲೇ ನಿಂತರು. ರಾಗ ಮಾತ್ರ ಪೂರ್ತಿ ಇದೆ, ಬಾಯಿ ಮುಚ್ಚಿಕೊಂಡು ಗುನುಗಿ ತೋರಿಸಿದರು. ಅವರ ತಂಗಿ ಶನಿವಾರಸಂತೆ ಕಡೆ ಇದ್ದಾರಂತೆ, ಅವರೇ ಎತ್ತಿ ಹಾಡುತ್ತಿದ್ದವರು, ಅವರಿಗೆ ಎಲ್ಲ ಬರುತ್ತದಂತೆ. ಅರ್ಧ ಹಾಡನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. ಕಾಫಿ ಕುಯ್ಲು ಮುಗಿಯಲಿ, ಆಳುಗಳ ಲೆಕ್ಕ ಚುಕ್ತಾ ಆಗಲಿ, ಅಜ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತೇನೆ. ಅಮ್ಮನೂ ಬರುತ್ತೇನೆ ಅಂದಿದ್ದಾರೆ.